ಅವ್ವ ಅಂದರೆ ಅಜ್ಜಿ

ಭಾನುವಾರ ನಮ್ಮ ಟೈಲರ್ ಅಂಗಡಿಗೆ ರಜೆ. ಆದರೂ ಶಟರ್ ಅರ್ಧ ಎತ್ತಿರುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿಕೊಂಡು ಮೂರು ಜನ ಬಗ್ಗಿ ಒಳಗೆ ಬರುತ್ತಿದ್ದರು. ಒಬ್ಬರು ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರರು, ಇನ್ನೊಬ್ಬರು ಟಾಕೀಸಿನಲ್ಲಿ ರೀಲು ಓಡಿಸುವ ಆಪರೇಟರು, ಮೂರನೆಯವರು ಸಾವಕಾರರು. ನಮ್ಮ ಯಜಮಾನರು, ಅಂದರೆ ನನ್ನ ಗಂಡ, ಮೇಜಿನ ಮೇಲಿನ ಬಟ್ಟೆಯನ್ನೆಲ್ಲ ಒಂದು ಮೂಲೆಗೆ ಸರಿಸಿ, ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು ಅವರಿಗೆ ಜಾಗ ಮಾಡುತ್ತಿದ್ದರು. ನಾನು ಪರದೆಯ ಹಿಂದೆ ಕೂತು ವಾರದ ಬಾಕಿ ಕಾಜಾ ಹಾಕುತ್ತಿದ್ದೆ. ಗುಂಡಿ ತೂರುವ ಸೀಳಿನ ಸುತ್ತ ದಾರ ಕಟ್ಟುವ ಕೆಲಸಕ್ಕೆ ಕಣ್ಣು ಬೆರಳು ಸಾಕು, ಕಿವಿ ಖಾಲಿ ಇರುತ್ತದೆ.

ಸಾವಕಾರರು ಅಂದರೆ ಹುಟ್ಟು ಸಾವಕಾರರಲ್ಲ. ಸಂಡೂರಿನ ಗುಡ್ಡದಿಂದ ಅದಿರು ಹೊರುವ ಲಾರಿ ಒಂದಿದ್ದದ್ದು ನಾಲ್ಕಾಗಿ, ನಾಲ್ಕು ಒಂದು ಸಾಲಾಗಿ, ಆ ಸಾಲು ಅವರ ಮನೆ ಮುಂದೆ ನಿಲ್ಲುವಂತಾದ ಮೇಲೆ ಸಾವಕಾರರಾದವರು. ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಹಾಗಾದವರು ಓಣಿಗೊಬ್ಬರು. ಮಿಕ್ಕ ನಮಗೆಲ್ಲ ಬಂದದ್ದು ಕೆಂಪು ದೂಳು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತಿತ್ತು. ಅಂಥ ಊರಿನಲ್ಲಿ ಸಾವಕಾರರು ದಿನಾ ಬಿಳಿ ಶರ್ಟು, ಬಿಳಿ ಪ್ಯಾಂಟು ಹಾಕುತ್ತಿದ್ದರು. ಹೊಲಿಯುತ್ತಿದ್ದವರು ನಾವೇ.

ಇವರೆಲ್ಲ ವಾರವಾರವೂ ಜಗಳಾಡುತ್ತಿದ್ದದ್ದು ದಮ್ಮಣ್ಣನ ವಿಷಯಕ್ಕೆ. ದಮ್ಮಣ್ಣ ನಮ್ಮೂರಿನವನಲ್ಲ, ಅಮೆರಿಕದ ಸಿನಿಮಾದವನು. ಉಸಿರು ಬಿಗಿಹಿಡಿದಿರುವಷ್ಟು ಹೊತ್ತು ಅವನಿಗೆ ಗುಂಡು ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ, ರೈಲನ್ನು ಒಂದೇ ಕೈಯಲ್ಲಿ ನಿಲ್ಲಿಸುತ್ತಾನೆ. ಉಸಿರು ಬಿಟ್ಟನೋ, ನಮ್ಮಂಥ ಮನುಷ್ಯ. ಅವನ ಇಂಗ್ಲಿಷ್ ಹೆಸರು ನಮ್ಮ ಮಂದಿಯ ಬಾಯಲ್ಲಿ ನಿಲ್ಲಲಿಲ್ಲ, ದಮ್ಮು ಹಿಡಿಯುವವನು ದಮ್ಮಣ್ಣನಾದ. ಅವನ ಮೇಲೆ ಮೂರು ಕಾಲದಲ್ಲಿ ಮೂರು ಸಿನಿಮಾ ಬಂದಿದ್ದವು. ಮೊದಲನೆಯದರಲ್ಲಿ ಅವನು ಸ್ವಲ್ಪ ಹೊಟ್ಟೆ ಬಂದ ಮನುಷ್ಯ. ಎರಡನೆಯದರಲ್ಲಿ ಕರಿ ತೊಗಲಿನ ಕೋಟು, ಮಾತು ಕಮ್ಮಿ, ಯಾವಾಗಲೂ ಮಳೆ. ಮೂರನೆಯದು ಹೊಸದು, ಕಂಪ್ಯೂಟರಿನಲ್ಲಿ ಮಾಡಿದ್ದು. ಕನ್ನಡದಲ್ಲಿ ಮಾತು ಕೂಡಿಸುವ ಪದ್ಧತಿ ಆಗ ಇರಲಿಲ್ಲವಾದ್ದರಿಂದ ನಮ್ಮ ಟಾಕೀಸಿಗೆ ಅದು ತೆಲುಗಿನಲ್ಲಿ ಬಂತು, ವಾರಗಟ್ಟಲೆ ಓಡಿತು. ಅವನು ಉಸಿರು ಹಿಡಿದಾಗೆಲ್ಲ ಮುಂದಿನ ಬೆಂಚಿನವರೂ ಹಿಡಿಯುತ್ತಿದ್ದರಂತೆ. ಇಡೀ ಟಾಕೀಸೇ ಸುಮ್ಮನಾಗಿ, ತನ್ನ ಮಷೀನಿನ ಗರಗರ ತನಗೇ ಕೇಳುತ್ತಿತ್ತೆಂದು ಆಪರೇಟರು ಹೇಳುತ್ತಿದ್ದರು.

ನಮ್ಮ ಯಜಮಾನರ ಓಟು ಹಳೆಯವನಿಗೆ.

"ಅಂವ ಹಾಕ್ಕೊಂಡಿದ್ದು ಬಟ್ಟಿರಿ. ಜಗಳದಾಗ ಕಂಕಳದ ಹೊಲಿಗಿ ಬಿಟ್ಟಿತ್ತು, ನಾ ಕಣ್ಣಾರೆ ನೋಡೀನಿ. ಹೊಲಿಗಿ ಬಿಟ್ಟ್ರೂ ಅಂವ ನಿಂದ್ರಲಿಲ್ಲ. ಈ ಹೊಸಾವಂದು ಮೈಮ್ಯಾಲ ಒಂದು ಹೊಲಿಗಿ ತೋರಸ್ರಿ ನೋಡೂಣು."

"ಟೇಲರ, ನೀ ಪಿಚ್ಚರ್ ನೋಡಾಕ ಹೋಗಿದ್ಯೋ, ಅಳತಿ ತಗೊಳ್ಳಾಕ ಹೋಗಿದ್ಯೋ?" ಅಂದರು ಆಪರೇಟರು.

ಮಾಸ್ತರರ ಪಕ್ಷ ಕರಿಕೋಟಿನವನು. "ಒಂದು ಉಸುರಿಗೆ ಎಷ್ಟು ಸೆಕೆಂಡು ಅನ್ನೋ ಲೆಕ್ಕ ತಪ್ಪದಂಗ ತೋರಿಸಿದ್ದು ಅದೊಂದರಾಗ. ನಿಮ್ಮ ಹೊಸಾಂವ ಒಂದು ಉಸುರಿನ್ಯಾಗ ಹಾಡೂ ಮುಗಸ್ತಾನ, ಲವ್ವೂ ಮುಗಸ್ತಾನ."

ಹಂಪಿಗೆ ಬಂದ ಫಾರಿನ್ನಿನವನೊಬ್ಬ ಒಮ್ಮೆ ಜೋಳಿಗೆ ಹೊಲಿಸಲು ಅಂಗಡಿಗೆ ಬಂದಿದ್ದ. ನಮ್ಮವರು ಕೈಸನ್ನೆ ಬಾಯಿಸನ್ನೆ ಮಾಡಿ, ಮೂವರಲ್ಲಿ ಯಾರು ಚಲೋ ಎಂದು ಅವನನ್ನೂ ಕೇಳಿದ್ದರು. ಅವನು ಹೊಟ್ಟೆಯ ಮುಂದೆ ಕೈಯಲ್ಲಿ ಗುಂಡಗೆ ಮಾಡಿ ತೋರಿಸಿದನಂತೆ. ಆಮೇಲೆ ಎಷ್ಟೋ ಭಾನುವಾರ ನಮ್ಮವರಿಗೆ ಆ ಫಾರಿನ್ನಿನವನೇ ಸಾಕ್ಷಿ.

ಸಾವಕಾರರದು ಹೊಸದೇ ಶ್ರೇಷ್ಠ ಎಂಬ ವಾದ. ಅದರಲ್ಲೂ ಅವರೊಂದು ಮಾತನ್ನು ಪ್ರತಿ ವಾರ ಹೇಳುತ್ತಿದ್ದರು: "ನೀವೆಲ್ಲಾ ತೆಲುಗಿನ್ಯಾಗ ನೋಡಿದ ಮಂದಿ. ನಾನು ಬೆಂಗಳೂರಾಗ, ಮಲಕ್ಕೊಳ್ಳೋ ಕುರ್ಚಿಯಾಗ ಕುಂತು, ಇಂಗ್ಲಿಷಿನ್ಯಾಗ ನೋಡೀನಿ. ಅದರ ಗತ್ತೇ ಬ್ಯಾರೆ." ಅಲ್ಲಿಗೆ ಉಳಿದವರ ಬಾಯಿ ಕಟ್ಟುತ್ತಿತ್ತು. ಇಂಗ್ಲಿಷಿನಲ್ಲಿ ನೋಡಿದವರ ಮುಂದೆ ಯಾರು ಏನು ವಾದಿಸಬೇಕು?

ಒಂದು ಭಾನುವಾರ ನಮ್ಮವರು ಮಾತ್ರ ಸುಮ್ಮನಾಗಲಿಲ್ಲ. ಹಳೆಯ ಸಿನಿಮಾದಲ್ಲಿ ದಮ್ಮಣ್ಣ ಬಾವಿಯೊಳಗೆ ಉಸಿರು ಹಿಡಿದು ಕೂರುವ ದೃಶ್ಯದಂಥದ್ದು ಹೊಸದರಲ್ಲಿ ಒಂದೂ ಇಲ್ಲ ಎಂದು ಹಟ ಹಿಡಿದರು. ಸಾವಕಾರರಿಗೆ ಸಿಟ್ಟು ಬಂತು.

"ನೀ ಆ ಹಳೇ ಪಿಚ್ಚರ್ ಖರೇನ ನೋಡೀಯೇನಲೇ? ಇಲ್ಲಾ ಗ್ವಾಡಿ ಮ್ಯಾಗಿನ ಪೋಸ್ಟರ್ ನೋಡಿ ಕತಿ ಕಟ್ಟಾಕ್ಹತ್ತೀಯೋ?"

"ನೋಡೀನ್ರಿ ಸಾವಕಾರ್ರೇ, ಮೂರು ಸಲ. ಬಾವಿಯಾಗ ಅಂವ ಉಸುರು ಹಿಡಿದಾಗ ನಾನೂ ಹಿಡಿದಿದ್ದೆ. ಕಡೀತನಕ."

"ಹೌದಾ? ಹಂಗಾದ್ರ ಈಗ ಹಿಡಿ."

ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನಮ್ಮವರ ಎದೆ ದೂಳಿಗೆ ಕೆಟ್ಟದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೂತಲ್ಲೇ ಸಿಳ್ಳೆ ಹಾಕಿದಂತೆ ಉಸಿರಾಡುವ ಮನುಷ್ಯ. ಮಾಸ್ತರರು "ಬ್ಯಾಡ ಬಿಡ್ರಿ ಸಾವಕಾರ್ರೇ" ಅಂದರು. ನಮ್ಮವರು ಕೇಳಲಿಲ್ಲ, ಬಾಯಿ ಮುಚ್ಚಿ ಮೂಗು ಹಿಡಿದರು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಸಾವಕಾರರು ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸುತ್ತಿದ್ದರು. ಹನ್ನೊಂದಕ್ಕೆ ನಮ್ಮವರು ಕೆಮ್ಮತೊಡಗಿದರು. ಕೆಮ್ಮು ನಿಲ್ಲಲಿಲ್ಲ. ಮೇಜು ಹಿಡಿದು ಬಗ್ಗಿದರು, ಕಣ್ಣಲ್ಲಿ ನೀರು ಬಂತು. ನಾನು ನೀರಿನ ಚೊಂಬು ಹಿಡಿದು ಓಡಿಬರುವಷ್ಟರಲ್ಲಿ ಸಾವಕಾರರು ಗಡಿಯಾರ ಕಟ್ಟಿಕೊಂಡು ನಗುತ್ತಿದ್ದರು.

"ದಮ್ ಇಲ್ಲದಾಂವ ದಮ್ಮಣ್ಣನ ಬಗ್ಗೆ ಮಾತಾಡಬಾರ್ದಲೇ, ಟೇಲರ."

ಉಳಿದಿಬ್ಬರೂ ನಕ್ಕರು. ನಗು ಬಂದು ನಕ್ಕರೋ, ಸಾವಕಾರರ ಮುಖ ನೋಡಿ ನಕ್ಕರೋ, ನಕ್ಕದ್ದಂತೂ ಹೌದು.

ಮುಂದಿನ ಭಾನುವಾರ ನಮ್ಮವರು ಶಟರ್ ಎತ್ತಲಿಲ್ಲ. ಮಂದಿ ಬಂದು ಬಡಿದು ಹೋದರು. ಅದರ ಮುಂದಿನ ವಾರದಿಂದ ಅವರೆಲ್ಲ ಸಾವಕಾರರ ಮನೆಯ ಕಟ್ಟೆಯಲ್ಲಿ ಸೇರತೊಡಗಿದರು. ವಾರವೆಲ್ಲ ಮಷೀನು ತುಳಿಯುವ ಮನುಷ್ಯನಿಗೆ ಇದ್ದದ್ದು ಅದೊಂದು ಮಧ್ಯಾಹ್ನ. ಈಗ ಆ ಹೊತ್ತಿನಲ್ಲಿ ಅವರು ಇಸ್ತ್ರಿ ಆದ ಬಟ್ಟೆಗೇ ಮತ್ತೆ ಇಸ್ತ್ರಿ ಹಾಕುತ್ತಿದ್ದರು. ಮಷೀನಿಗೆ ಎಣ್ಣೆ ಬಿಟ್ಟು, ಒರೆಸಿ, ಮತ್ತೆ ಬಿಡುತ್ತಿದ್ದರು. ನಾನು ದಮ್ಮಣ್ಣನ ಮಾತು ಎತ್ತಿದರೆ "ಅದೆಲ್ಲಾ ಹುಡುಗಾಟಕಿ, ಬಿಡು" ಅನ್ನುತ್ತಿದ್ದರು.

ನಾನು ಬಿಡಲಿಲ್ಲ. ಆ ಹನ್ನೊಂದರ ಎಣಿಕೆ ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ಸೊಪ್ಪು ಸೋಸುವಾಗ, ರೊಟ್ಟಿ ಬಡಿಯುವಾಗ ಎಣಿಸುತ್ತಿದ್ದೆ. ಮೊದಮೊದಲು ನನ್ನಿಂದ ಆದದ್ದು ಇಷ್ಟೇ: ಸಾವಕಾರರ ಶರ್ಟಿನ ಕಾಜಾಗಳನ್ನು ಒಂದೊಂದು ಎಳೆ ಬಿಗಿ ಮಾಡಿದೆ. ಬೆಳಿಗ್ಗೆ ಗುಂಡಿ ಹಾಕಿಕೊಳ್ಳಲು ಅವರು ಪಡುವ ಪಾಡನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಆದರೆ ಅದು ಸಾಲದು ಅಂತ ನನಗೆ ಗೊತ್ತಿತ್ತು. ಮಂದಿಯ ಮುಂದೆ ಕೆಡವಿದವರನ್ನು ಮಂದಿಯ ಮುಂದೆಯೇ ಕೆಡವಬೇಕು.

ಎಂಟನೆಯ ಭಾನುವಾರ ಸಾವಕಾರರೇ ಶಟರ್ ಎತ್ತಿಕೊಂಡು ಅಂಗಡಿಗೆ ಬಂದರು. ಏನೂ ಆಗಿಲ್ಲವೆಂಬಂತೆ ಕುರ್ಚಿ ಎಳೆದುಕೊಂಡು ಕೂತು, ಮನೆಯಲ್ಲಿ ಹೋಮ್ ಥಿಯೇಟರ್ ಮಾಡಿಸುತ್ತಿದ್ದೇನೆ, ಕಿಟಕಿಗಳಿಗೆ ದಪ್ಪ ಪರದೆ ಹೊಲಿದುಕೊಡು ಅಂದರು. "ಒಂದ್ ಎಳಿ ಬೆಳಕು ಒಳಗ ಬರಬಾರ್ದು, ನೋಡು. ಬೆಂಗಳೂರಿನ್ಯಾಗ ಹೆಂಗಿತ್ತೋ ಹಂಗ ಆಗಬೇಕು. ಹೊಸಾ ಪಿಚ್ಚರಿನ್ಯಾಗ ಅಂವ ಬಾವಿ ಕಟ್ಟಿ ಮ್ಯಾಲ ನಿಂತು, ಕೊಳ್ಳಾಗಿನ ಪದಕ ಮುಟ್ಟಿ, ಸತ್ತ ತಾಯಿ ಮ್ಯಾಲ ಆಣಿ ಮಾಡ್ತಾನಲ್ಲ, ಇಂಗ್ಲಿಷಿನ್ಯಾಗ ಆ ಮಾತು ಕೇಳಿದ್ರ ಕಲ್ಲೂ ಅಳತೈತಿ."

ನನ್ನ ಸೂಜಿ ನಿಂತಿತು. ತಾಯಿ?

ದಮ್ಮಣ್ಣನ ಕತೆ ಸಿನಿಮಾಕ್ಕಿಂತ ಮೊದಲು ಚಿತ್ರ ಬರೆದು ಹೇಳುವ ಕಾಮಿಕ್ಸ್ ಆಗಿತ್ತು. ನಾನು ಚಿಕ್ಕವಳಿದ್ದಾಗ ಅದು ಕನ್ನಡದ ವಾರಪತ್ರಿಕೆಯೊಂದರಲ್ಲಿ ಬರುತ್ತಿತ್ತು. ಅಪ್ಪ ಟಿ.ಬಿ. ಡ್ಯಾಮಿನಲ್ಲಿ ಕೆಲಸಕ್ಕಿದ್ದರು, ಅಲ್ಲಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ವಾರವಾರ ಆ ಪುಟ ಕತ್ತರಿಸಿ, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿ, ದಾರದಿಂದ ಹೊಲಿದು ಇಟ್ಟುಕೊಂಡಿದ್ದೆ. ಅದರಲ್ಲಿ ದಮ್ಮಣ್ಣನಿಗೆ ತಂದೆತಾಯಿ ಇಲ್ಲ. ಉಸಿರು ಹಿಡಿಯುವುದನ್ನು ಕಲಿಸಿದವಳು ಅವನ ಅಜ್ಜಿ, ದುಷ್ಟರು ಕೊಂದದ್ದು ಅವಳನ್ನೇ, ಅವನು ಸೇಡು ತೀರಿಸಿಕೊಳ್ಳುವುದೂ ಅವಳ ಸಲುವಾಗಿಯೇ. ಪದಕದಲ್ಲಿರುವುದೂ ಅಜ್ಜಿಯ ಹರೆಯದ ಚಿತ್ರ. ಸಿನಿಮಾದವರು ಬದಲಾಯಿಸಿರಬಹುದು, ಅವರಿಗೇನು ಅಡ್ಡಿ ಅಂದುಕೊಂಡೆ. ಆದರೂ ಮನಸ್ಸು ಕೇಳಲಿಲ್ಲ.

ಹೊಸ ಸಿನಿಮಾ ಆಗಲೇ ನಮ್ಮೂರು ಬಿಟ್ಟು ಕಂಪ್ಲಿಗೆ ಹೋಗಿತ್ತು. ಕಂಪ್ಲಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳಿಗೆ ಮೈ ಹುಷಾರಿಲ್ಲವೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಅವಳನ್ನೂ ಎಬ್ಬಿಸಿಕೊಂಡು ಮ್ಯಾಟಿನಿಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಬಾವಿಯ ಕಟ್ಟೆ ಬಂತು. ಅವನು ಪದಕ ತೆರೆದ, ಒಳಗೆ ಹರೆಯದ ಹೆಣ್ಣಿನ ಫೋಟೋ. "ಮಾ ಅವ್ವನು ಚಂಪಿನವಾಣ್ಣಿ ವದಲನು" ಅಂದ. ನಮ್ಮ ಅವ್ವನ್ನ ಕೊಂದವನನ್ನು ಬಿಡುವುದಿಲ್ಲ.

ಪಕ್ಕದಲ್ಲಿ ನನ್ನ ತಂಗಿ ಸೆರಗು ಬಾಯಿಗೊತ್ತಿ ಅತ್ತಳು. "ಪಾಪ, ಹಡೆದವ್ವನ್ನ ಕೊಂದಾರಲ್ಲ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಅವ್ವ ಅಂದರೆ ತಾಯಿ. ಗಡಿಯಾಚೆಯ ತೆಲುಗಿನವರಿಗೆ ಅವ್ವ ಅಂದರೆ ಅಜ್ಜಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು ತೆಲುಗಿನವರು. ಅವರ ಹುಡುಗಿ ಹಲ್ಲಿಲ್ಲದ ಮುದುಕಿಯನ್ನು ತೋರಿಸಿ "ಮಾ ಅವ್ವ" ಅಂದಾಗ, ಇಷ್ಟು ವಯಸ್ಸಾದ ಮೇಲೆ ಇವಳನ್ನು ಹಡೆದರೇ ಎಂದು ಕೇಳಿ ಇಡೀ ಮನೆಯನ್ನು ನಗಿಸಿದವಳು ನಾನು. ನಮ್ಮ ಊರಿನವರಿಗೆ ತೆಲುಗು ಬರುವುದೇನೋ ನಿಜ, ಆದರೆ ಅದು ಸಂತೆಯ ತೆಲುಗು, ಲಾರಿಯ ತೆಲುಗು. ಅಲ್ಲಿ ಅಜ್ಜಿಯ ಮಾತು ಎಲ್ಲಿ ಬರಬೇಕು? ಹೀಗಾಗಿ ಹೊಸಪೇಟೆ, ಕಂಪ್ಲಿಯ ಮಂದಿಯೆಲ್ಲ ಆ ಅಜ್ಜಿಯನ್ನು ತಾಯಿಯೆಂದೇ ತಿಳಿದು ಅತ್ತಿದ್ದರು. ಇಂಗ್ಲಿಷಿನಲ್ಲಿ ನೋಡಿದವರಿಗೆ ಮಾತ್ರ ಆ ತಪ್ಪು ಆಗಲು ಸಾಧ್ಯವೇ ಇರಲಿಲ್ಲ.

ಕಂಪ್ಲಿಯಿಂದ ವಾಪಸು ಬರುವ ಬಸ್ಸಿನಲ್ಲಿ ನನಗೆ ನಿಂತೇ ಬರಬೇಕಾಯಿತು. ಕಾಲು ನೋಯಲಿಲ್ಲ.

ಪರದೆಗೆ ಅಳತೆ ತೆಗೆಯಲು ನಾನೇ ಹೋದೆ. ಸಾವಕಾರರ ಹೆಂಡತಿ ಒಳ್ಳೆಯ ಹೆಂಗಸು, ಚಹಾ ಕೊಟ್ಟು ಒಳಗೆ ಹೋದರು. ಹೊಸ ಟಿವಿಯ ಪಕ್ಕದ ಹಲಗೆಯ ಮೇಲೆ ಆ ಸಿನಿಮಾದ ಡಿವಿಡಿ ಇತ್ತು. ಇಂಗ್ಲಿಷಿನದೇ, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು ಡಬ್ಬಿ ತಿರುಗಿಸಿದೆ. ನನ್ನದು ಹತ್ತನೆಯ ತರಗತಿಯ ಇಂಗ್ಲಿಷು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಕತೆ ಹೇಳುವ ನಾಲ್ಕು ಸಾಲಿನಲ್ಲಿ ಎರಡನೆಯದರಲ್ಲೇ ಇತ್ತು: ಗ್ರ್ಯಾಂಡ್‌ಮದರ್. ಡಬ್ಬಿಯನ್ನು ಹೇಗಿತ್ತೋ ಹಾಗೇ ಇಟ್ಟೆ. ಪರದೆಗಳನ್ನು ನನ್ನ ಕೈಯಾರೆ ಹೊಲಿದೆ. ಅಷ್ಟು ಚೆಂದದ ಹೊಲಿಗೆ ನಾನು ಅದಕ್ಕೆ ಮುಂಚೆಯೂ ಹಾಕಿರಲಿಲ್ಲ, ಆಮೇಲೂ ಹಾಕಿಲ್ಲ.

ಅಮವಾಸ್ಯೆಯ ದಿನ ಲಾರಿಗಳ ಪೂಜೆಯ ಜೊತೆಗೇ ಟಿವಿಯ ಪೂಜೆಯನ್ನೂ ಇಟ್ಟುಕೊಂಡಿದ್ದರು. ನಮಗೂ ಊಟಕ್ಕೆ ಕರೆ ಬಂತು. ನಮ್ಮವರು ಒಲ್ಲೆ ಅಂದರು.

"ಪರದಿ ಹೊಲದೀವಿ, ಊಟಕ್ಕ ಕರದಾರ. ಹೋಗ್ಲಿಲ್ಲಂದ್ರ ಅವರ ಹೆಂಡ್ತಿ ಏನಂದ್ಕೊಂಡಾರು?"

"ನೀ ಹೋಗು."

"ನಾ ಒಬ್ಬಾಕಿ ಹೋಗಂಗಿಲ್ಲ. ಏಳ್ರಿ ಸುಮ್ಮನ."

ಟಿವಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಳಿತೆಗೆದು, ಕಾಯಿ ಒಡೆದಿದ್ದರು. ಹೋಳಿಗೆ ಊಟ ಆಯಿತು. ಗಂಡಸರು ಸೋಫಾದ ಮೇಲೆ, ನೆಲದ ಮೇಲೆ ಕೂತರು. ನಮ್ಮವರು ಬಾಗಿಲ ಹತ್ತಿರ, ಎದ್ದು ಹೋಗಲು ಅನುಕೂಲವಾಗುವಂತೆ. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ನಿಂತೆವು. ಸಾವಕಾರರು ಮತ್ತೆ ಬೆಂಗಳೂರು, ಮತ್ತೆ ಮಲಗುವ ಕುರ್ಚಿ ಶುರು ಮಾಡಿದರು. ಅವರ ಮಾತು ಒಂದು ಗುಕ್ಕು ನೀರಿಗೆ ನಿಂತಾಗ ನಾನು ಬಾಯಿ ತೆರೆದೆ.

"ಅಣ್ಣಾರೇ, ನಮಗ ಇಂಗ್ಲಿಷ್ ತಿಳಿಯಂಗಿಲ್ಲ. ಬಾವಿ ಕಟ್ಟಿ ಮ್ಯಾಲ ನಿಂತು ಆಣಿ ಮಾಡ್ತಾನಲ್ಲ, ಅಲ್ಲಿ ಇಂಗ್ಲಿಷಿನ್ಯಾಗ ಏನಂತಾನ್ರಿ?"

ಸಾವಕಾರರಿಗೆ ಖುಷಿಯಾಯಿತು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, "ಮೈ ಮದರ್! ಅಂತಾನವಾ. ಮೈ ಮದರ್! ಇಡೀ ಬೆಂಗಳೂರೇ ಅತ್ತುಬಿಡ್ತು" ಅಂದರು.

"ಅದೊಂದು ಮಾತು ಹಾಕಿ ಕೇಳಸ್ರಲ್ಲಾ. ನಮಗೂ ಪುಣ್ಯಾ ಬರ್ಲಿ."

ಆಪರೇಟರು ಡಬ್ಬಿ ಕೈಗೆ ತಗೊಂಡರು. "ಸಾವಕಾರ್ರೇ, ಇದರದು ಪ್ಲಾಸ್ಟಿಕ್ ಇನ್ನಾ ಬಿಚ್ಚಿಲ್ಲಲ್ರೀ?"

"ಬೆಂಗಳೂರಾಗ ನೋಡೀನಲ್ಲೋ ಮಾರಾಯಾ, ಮತ್ಯಾಕ ಬಿಚ್ಚಲಿ?"

ಆಪರೇಟರು ಹಲ್ಲಿನಿಂದ ಹಾಳೆ ಹರಿದು ಡಿಸ್ಕ್ ಹಾಕಿದರು, ಓಡಿಸಿ ಬಾವಿಯ ಹತ್ತಿರ ತಂದು ನಿಲ್ಲಿಸಿದರು. ದಮ್ಮಣ್ಣ ಪದಕ ತೆರೆದು, ನಾಲ್ಕು ಮೂಲೆಯ ಸ್ಪೀಕರಿನಲ್ಲಿ, ಎಲ್ಲರಿಗೂ ಕೇಳುವಂತೆ ಅಂದ: ಗ್ರ್ಯಾಂಡ್‌ಮದರ್.

ಮಾಸ್ತರರು ಮುಂದಕ್ಕೆ ಬಾಗಿದರು. "ಇನ್ನೊಮ್ಮಿ ಹಾಕ್ರಿ." ಆಪರೇಟರು ಇನ್ನೊಮ್ಮೆ ಹಾಕಿದರು. ಆಮೇಲೆ ಯಾರೂ ಕೇಳದೆಯೇ ಮೂರನೆಯ ಸಲವೂ ಹಾಕಿದರು.

"ಗ್ರ್ಯಾಂಡ್‌ಮದರ್ ಅಂದ್ರ ಅಜ್ಜಿ ಆತಲ್ಲ. ತಾಯಿ ಎಲ್ಲಿಂದ ಬಂದ್ಳು?" ಎಂದು ಮಾಸ್ತರರು ಗೊಣಗಿದರು.

"ತೆಲುಗಿನೋರು ಅಜ್ಜಿಗೆ ಅವ್ವ ಅಂತಾರಲ್ರೀ ಮಾಸ್ತರ್ರೇ?" ಅಂದೆ, ಏನೂ ಅರಿಯದವಳಂತೆ, ಕೈಯಲ್ಲಿದ್ದ ತಟ್ಟೆ ಒರೆಸುತ್ತ.

ಲೆಕ್ಕದ ಮಾಸ್ತರರಿಗೆ ಅಷ್ಟು ಸಾಕಾಯಿತು. ನಿಧಾನಕ್ಕೆ ಬೆರಳು ಮಡಚಿದರು. "ಇಂಗ್ಲಿಷಿನ್ಯಾಗ ಕೇಳಿದಾಂವಗ ಅಜ್ಜಿ. ತೆಲುಗಿನ್ಯಾಗ ಕೇಳಿದಾಂವಗ ಅವ್ವ. ಆ ಅವ್ವನ್ನ ತಾಯಿ ಅಂತ ತಿಳಕೊಂಡಾಂವ..." ಅಲ್ಲಿಗೆ ನಿಲ್ಲಿಸಿ ಸಾವಕಾರರ ಮುಖ ನೋಡಿದರು.

"ಅಲ್ರೀ," ಆಪರೇಟರು ತೊಡೆ ಬಡಿದುಕೊಂಡರು, "ನಮ್ಮ ಟಾಕೀಸಿನ್ಯಾಗ ಮ್ಯಾಟಿನಿಗೆ, ಹಿಂದಿನ ಸಾಲಿನ್ಯಾಗ, ಮಾರಿಗೆ ಕರ್ಚೀಪು ಕಟ್ಟಿಕೊಂಡು ಕುಂದಿರ್ತಿದ್ದಾಂವ ನೀವ ಏನ್ರೀ? ಬಿಳೀ ಪ್ಯಾಂಟು!"

ನಗು ಎದ್ದಿತು ನೋಡಿ. ನೆಲದ ಮೇಲೆ ಕೂತವರು ಒಬ್ಬರ ಮೇಲೊಬ್ಬರು ಬಿದ್ದರು. ಸಾವಕಾರರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಬೆಂಗಳೂರಿಗೆ ಹೋಗಿದ್ದು ಟಾಯರ್ ತರಾಕ, ಅವತ್ತ ಸಂಜಿಗೇ ಬಸ್ ಹತ್ಯಾರ" ಅಂದರು, ಮೆಲ್ಲಗೆ, ನನಗೆ ಮಾತ್ರ. ಸಾವಕಾರರು ರಿಮೋಟು ಹುಡುಕುತ್ತಿದ್ದರು. ನಮ್ಮವರು ನಗಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸಿದೆ. ಹನ್ನೊಂದು ದಾಟಿ ಎಷ್ಟೋ ಹೊತ್ತಿನವರೆಗೂ ಆ ನಗು ನಿಲ್ಲಲಿಲ್ಲ.

ದಾರಿಯಲ್ಲಿ ನಮ್ಮವರು ಕೇಳಿದರು. "ನಿನಗ ಮದಲ ಗೊತ್ತಿತ್ತೇನು?"

"ಗೊತ್ತಿತ್ರಿ."

"ನನಗ್ಯಾಕ ಹೇಳ್ಲಿಲ್ಲ?"

"ನಿಮಗ ಹೇಳಿದ್ರ ನೀವು ಅವರನ್ನ ಒಂದ್ ಕಡೀಗೆ ಕರದು ಮೆತ್ತಗ ಹೇಳಿಬಿಡ್ತಿದ್ರಿ."

ಆ ಭಾನುವಾರ ಅವರು ಶಟರ್ ಅರ್ಧ ಎತ್ತಿದರು. ಮಾಸ್ತರರು, ಆಪರೇಟರು ತಾವಾಗಿಯೇ ಬಗ್ಗಿ ಒಳಗೆ ಬಂದರು.

ಇಲ್ಲಿಗೆ ಬಿಟ್ಟಿದ್ದರೆ ಒಳ್ಳೆಯವಳು ಅನ್ನಿಸಿಕೊಳ್ಳುತ್ತಿದ್ದೆ. ನನಗೆ ಇನ್ನೂ ಸಾಕಾಗಿರಲಿಲ್ಲ. ಸಾವಕಾರರ ಲಾರಿಗಳ ಹಣೆಯ ಮೇಲೆ ಹಳದಿ ಬಣ್ಣದಲ್ಲಿ "ತಾಯಿಯ ಆಶೀರ್ವಾದ" ಎಂದು ಬರೆಸಿತ್ತು. ಬೆಳಿಗ್ಗೆ ಹಾಲಿಗೆ ಹೋಗುವಾಗ ಅವು ಸಾಲಾಗಿ ನಿಂತಿರುತ್ತಿದ್ದವು, ಹಿಂದಿನ ಹಲಗೆಯ ಮೇಲೆ ಬೆರಳು ಹೂತುಹೋಗುವಷ್ಟು ಕೆಂಪು ದೂಳು. ಸುತ್ತ ನೋಡಿ, ಒಂದರ ಮೇಲೆ ಬೆರಳಿನಿಂದ ಬರೆದೆ: ಅಜ್ಜಿಯ ಆಶೀರ್ವಾದ. ಮರುದಿನ ಎರಡರ ಮೇಲೆ. ವಾರದಲ್ಲಿ ಇಡೀ ಸಾಲು ಮುಗಿಸಿದೆ. ಆ ಲಾರಿಗಳು ನನ್ನ ಅಕ್ಷರ ಹೊತ್ತುಕೊಂಡು ಸಂಡೂರಿನ ಗುಡ್ಡ ಹತ್ತಿದವು, ಇಳಿದವು. ದಾರಿಯ ಚಹಾದಂಗಡಿಗಳಲ್ಲಿ ಸಾವಕಾರರಿಗೆ ಅಜ್ಜಿ ಸಾವಕಾರರು ಎಂಬ ಹೆಸರು ಬಿತ್ತು. ಒರೆಸಿದರೆ ಒರೆಸಿದ ಕಡೆ ಮರುದಿನ ಮತ್ತೆ ದೂಳು ಕೂರುತ್ತಿತ್ತು, ಮತ್ತೆ ಹಾಲಿನ ಹೊತ್ತಾಗುತ್ತಿತ್ತು.

ಒಂದು ದಿನ ಕೈ ಸರಿಯಾಗಿ ತೊಳೆಯದೆ ಗಿರಾಕಿಯ ಬಿಳಿ ಅಂಗಿ ಮುಟ್ಟಿಬಿಟ್ಟೆ. ಗುಂಡಿಪಟ್ಟಿಯ ಮೇಲೆ ನನ್ನ ಬೆರಳಿನ ಕೆಂಪು ಗುರುತು ಬಿತ್ತು. ನಮ್ಮವರು ಅದನ್ನೂ ನೋಡಿದರು, ನನ್ನ ಬೆರಳನ್ನೂ ನೋಡಿದರು. ಅಂಗಿಯನ್ನು ತಗೊಂಡು ಹೋಗಿ ತಣ್ಣೀರಿನಲ್ಲಿ ತಾವೇ ಒಗೆದು ಹಾಕಿದರು.

ಮುಂದಿನ ಭಾನುವಾರ ಸಾವಕಾರರು ಅಂಗಡಿಗೆ ನುಗ್ಗಿದರು. ಅವರ ಅನುಮಾನ ಮಾಸ್ತರರ ಮೇಲೆ. "ಅಕ್ಷರ ದುಂಡಗದಾವ. ಓದಿದಾಂವನ ಬರದಿರಬೇಕು. ಯಾರಲೇ ಅದು? ಇವತ್ತ ಹೇಳಬೇಕು."

ಮಾಸ್ತರರ ಮುಖ ಬಿಳಿಚಿತು. ನಾನು ಪರದೆ ಸರಿಸಲು ಕೈ ಎತ್ತಿದ್ದೆ. ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದೂ ಇದ್ದೆ. ಅಷ್ಟರಲ್ಲಿ ನಮ್ಮವರ ದನಿ ಕೇಳಿಸಿತು.

"ನಾನ ಬರದೀನ್ರಿ."

ಸಾವಕಾರರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಬಗ್ಗಿ ಶಟರ್ ದಾಟಿ ಹೋದವರು ಮತ್ತೆಂದೂ ನಮ್ಮ ಅಂಗಡಿಯ ಕಡೆ ಬರಲಿಲ್ಲ. ಬಟ್ಟೆಯನ್ನೂ ಬೇರೆ ಕಡೆ ಹೊಲಿಸಿಕೊಂಡರು. ಆಪರೇಟರು ನಮ್ಮವರನ್ನು ತಬ್ಬಿಕೊಂಡು, "ಮೆತ್ತಗಿದ್ದಾಂವ ಅಂದ್ಕೊಂಡಿದ್ವಲ್ಲೋ ನಿನ್ನ!" ಅಂದರು. ಸಂಜೆಯೊಳಗೆ ಬಜಾರೆಲ್ಲ ಸುದ್ದಿ. ಬಂದವರೆಲ್ಲ ಟೇಲರಪ್ಪನ ಬೆನ್ನು ತಟ್ಟಿದರು. ನನಗೆ ಚಹಾ ಮಾಡಲು ಹೇಳಿದರು.

ಮಂದಿ ಹೋದ ಮೇಲೆ ಕೇಳಿದೆ. "ಯಾಕ ಹಂಗಂದ್ರಿ? ನಾ ಹೊರಗ ಬರಾಕ್ಹತ್ತಿದ್ದೆ."

"ನೀ ಬರದೀ ಅಂದ್ರ ಅವರ್ಯಾರೂ ನಂಬ್ತಿದ್ದಿಲ್ಲ" ಅಂದರು, ದಾರ ಪೋಣಿಸುತ್ತ.

ಅದು ನಿಜ. ನಿಜವಾದ್ದಕ್ಕೇ ಸಿಟ್ಟು ಹೆಚ್ಚು. ಸಾವಕಾರರ ಮೇಲಿನ ನನ್ನ ಸೇಡು ತೀರಿತು, ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಆದರೆ ಮಾಡಿದವಳು ನಾನು, ಹೆಸರು ಬಂದದ್ದು ಅವರಿಗೆ. ಆ ಬಾಕಿ ಇಷ್ಟು ವರ್ಷ ಹಾಗೇ ಉಳಿದಿತ್ತು. ಆ ಕಾಲದಲ್ಲಿ ಸಂಡೂರು ರಸ್ತೆಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು, ಹಲಗೆಯ ಮೇಲಿನ ಬರಹ ಓದಿ ನಕ್ಕವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿದುಕೊಳ್ಳಲಿ. ಆ ದುಂಡನೆಯ ಅಕ್ಷರ ನನ್ನದು.